ತಾಳಮದ್ದಲೆಯ ಸಿ.ಡಿ. ಮಾರಾಟವಾಗದಿರಲು ಹಂಚಿಕೆಯೇ ಕಾರಣವೇ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹವ್ಯಾಸಿ ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನ) ಸಂಘ. ಕೆಲವು ವರ್ಷಗಳ ಹಿಂದೆ ಮೂರು ಗಂಟೆಯ ಪ್ರಸಂಗವೊಂದನ್ನು ಧ್ವನಿಮುದ್ರಿಸಿ, ಮೂರು ಸಿ.ಡಿ.ಗಳ ಆಲ್ಬಮ್ ಮಾಡಿಸಿ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮಾರಾಟಕ್ಕಿಟ್ಟಿದ್ದೆವು. ತಿಂಗಳೊಳಗೆ ಅದು ಎಂಪಿ3 ಆಗಿ ಊರೂರಿನ ಮೊಬೈಲ್‌ಗಳನ್ನು ಸೇರಿತು. ಅರ್ಧದಷ್ಟು ಪ್ರತಿಗಳು ಈಗಲೂ ನಮ್ಮಲ್ಲೇ ಉಳಿದಿವೆ. ಹಂಚಿಕೆಯಿಂದಲೇ ಈ ನಷ್ಟವಾಯಿತೇ? ಈ ಮಳೆಗಾಲದಲ್ಲಿ ಹೊಸ ಪ್ರಸಂಗವನ್ನು ಮುದ್ರಿಸುವವರಿದ್ದೇವೆ. ಮತ್ತೆ ಸಿ.ಡಿ. ಮಾಡಿಸಬೇಕೇ, ಅಂತರ್ಜಾಲಕ್ಕೆ ಏರಿಸಬೇಕೇ?

ಉತ್ತರ: ಹಂಚಿಕೆಯಿಂದ ನಷ್ಟವಾಗಿದೆ, ಆದರೆ ಉಳಿದಿರುವ ಪ್ರತಿಗಳಷ್ಟನ್ನೂ ಅದರ ಲೆಕ್ಕಕ್ಕೇ ಬರೆಯುವುದು ಸರಿಯಾಗದು. ಪುಕ್ಕಟೆಯಾಗಿ ಸಿಕ್ಕಿದ್ದನ್ನು ಕೇಳಿದವರೆಲ್ಲರೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದರೆಂಬುದು ಮಾರುವವರೆಲ್ಲರ ಎಣಿಕೆ, ಆ ಎಣಿಕೆ ಎಲ್ಲಿಯೂ ನಿಜವಾದದ್ದಿಲ್ಲ.

1999ರಲ್ಲಿ, ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಆರಂಭವಾದಂದಿನಿಂದ ಈ ವಾದ ನಡೆದೇ ಇದೆ. ಅಮೆರಿಕದ ಧ್ವನಿಮುದ್ರಣ ಉದ್ಯಮದ ವಾರ್ಷಿಕ ಆದಾಯ ಆ ವರ್ಷ ಸುಮಾರು 1,460 ಕೋಟಿ ಡಾಲರ್ ಇದ್ದದ್ದು, ಒಂದೂವರೆ ದಶಕದಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಂಚಿಕೆಯೇ ಅಪರಾಧಿ ಎಂದು ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ನ್ಯಾಪ್‌ಸ್ಟರ್ ಬಾಗಿಲು ಹಾಕಿತು, ಸಿ.ಡಿ. ಮಾರಾಟ ಮಾತ್ರ ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಅರ್ಥಶಾಸ್ತ್ರಜ್ಞರಲ್ಲಿಯೂ ಒಮ್ಮತವಿಲ್ಲ. ಓಬರ್‌ಹೋಲ್ಸರ್-ಜೀ ಮತ್ತು ಸ್ಟ್ರಂಫ್ ಎಂಬ ಇಬ್ಬರು 2002ರ 17 ವಾರಗಳ ಡೌನ್‌ಲೋಡ್ ದಾಖಲೆಗಳನ್ನು ಅಮೆರಿಕದ ಆಲ್ಬಮ್ ಮಾರಾಟದೊಂದಿಗೆ ತಾಳೆ ನೋಡಿದರು. ಜರ್ಮನಿಯ ಶಾಲೆಗಳಿಗೆ ರಜೆ ಬಂದಾಗ ಅಲ್ಲಿನ ಹುಡುಗರು ಹೆಚ್ಚು ಹೊತ್ತು ಕಂಪ್ಯೂಟರಿನ ಮುಂದೆ ಕೂರುವುದರಿಂದ ಹಂಚಿಕೆಗೆ ಸಿಗುವ ಕಡತಗಳು ಹೆಚ್ಚುತ್ತವೆ. ಆ ವಾರಗಳಲ್ಲಿ ಅಮೆರಿಕದ ಮಾರಾಟ ಕುಸಿಯುತ್ತದೆಯೇ ಎಂಬುದು ಅವರ ಜಾಣ ಪರೀಕ್ಷೆಯಾಗಿತ್ತು. ಮಾರಾಟದ ಮೇಲಿನ ಪರಿಣಾಮ ಸೊನ್ನೆಯಿಂದ ಬೇರ್ಪಡಿಸಿ ಹೇಳಲಾಗದಷ್ಟು ಚಿಕ್ಕದು ಎಂಬ ಅವರ ನಿರ್ಣಯ 2007ರಲ್ಲಿ ಪ್ರಕಟವಾಯಿತು, ಅದಕ್ಕೆ ತೀವ್ರ ಆಕ್ಷೇಪಗಳೂ ಬಂದವು. ಅದಕ್ಕೂ ಒಂದು ವರ್ಷ ಮೊದಲು ರಾಬ್ ಮತ್ತು ವಾಲ್ಡ್‌ಫೋಗೆಲ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ, ಸರಿಸುಮಾರು ಐದು ಆಲ್ಬಮ್ ಡೌನ್‌ಲೋಡ್ ಆದರೆ ಒಂದರ ಖರೀದಿ ತಪ್ಪುತ್ತದೆ, ನಷ್ಟ ಇನ್ನೂ ಹೆಚ್ಚಿರಲೂಬಹುದು ಎಂದು ಅಂದಾಜಿಸಿದ್ದರು. ಈ ಎರಡನೆಯ ಅಂದಾಜು ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ, ಏಕೆಂದರೆ ಕೊಳ್ಳುವ ಮನಸ್ಸಿಲ್ಲದ ನಾಲ್ವರ ಜೊತೆಗೆ ಕೊಳ್ಳಲಿದ್ದ ಒಬ್ಬನೂ ಇದ್ದ ಎಂಬುದನ್ನು ಅದು ಮರೆಯುವುದಿಲ್ಲ.

ಅಮೆರಿಕದ ಪಾಪ್ ಆಲ್ಬಮ್ಮಿನ ಲೆಕ್ಕವನ್ನು ತಾಳಮದ್ದಲೆಗೆ ಹಾಗೆಯೇ ಹಚ್ಚಲಾಗದು. ಅಲ್ಲಿ ಆಲ್ಬಮ್ ಮುರಿದುಬೀಳಲು ಇನ್ನೊಂದು ಕಾರಣವಿತ್ತು: 2003ರಲ್ಲಿ ಅಂತರ್ಜಾಲದಲ್ಲಿ ಹಾಡು ಮಾರುವ ಐಟ್ಯೂನ್ಸ್ ಅಂಗಡಿ ಬಂದ ಮೇಲೆ ಒಂದೇ ಹಾಡನ್ನು 99 ಸೆಂಟಿಗೆ ಕೊಳ್ಳಬಹುದಾಯಿತು, ಬೇಡದ ಹತ್ತು ಹಾಡುಗಳ ಹೊರೆ ತಪ್ಪಿತು. ಪ್ರಸಂಗವನ್ನು ಹಾಗೆ ಬಿಡಿಬಿಡಿಯಾಗಿ ಯಾರೂ ಕೇಳುವುದಿಲ್ಲ. ಪೀಠಿಕೆಯನ್ನು ಬಿಟ್ಟು ಸಂವಾದವನ್ನಷ್ಟೇ ಕೊಳ್ಳುವವರಿಲ್ಲ. ನಿಮ್ಮ ಆಲ್ಬಮ್ಮಿಗೆ ಪೆಟ್ಟು ಕೊಟ್ಟದ್ದು ಬಹುಶಃ ಅದರ ಉದ್ದವೇ. ಮೂರು ಸಿ.ಡಿ. ಹಿಡಿಯುವ ಧ್ವನಿ, ಸಾಮಾನ್ಯ ಗುಣಮಟ್ಟದ ಎಂಪಿ3 ಆದಾಗ ಸುಮಾರು 170 ಎಂ.ಬಿ.ಗೆ ಇಳಿಯುತ್ತದೆ, ಎರಡು ಜಿ.ಬಿ.ಯ ಮೆಮೊರಿ ಕಾರ್ಡಿನಲ್ಲಿ ಅಂಥ ಹತ್ತು ಹನ್ನೊಂದು ಪ್ರಸಂಗಗಳು ಕೂರುತ್ತವೆ. ಅಡಿಕೆ ಸುಲಿಯುತ್ತ ರಾತ್ರಿಯೆಲ್ಲ ಕೇಳುವವನಿಗೆ ನಡುನಡುವೆ ಎದ್ದು ಸಿ.ಡಿ. ಬದಲಿಸುವ ಕೆಲಸ ಬೇಡ. ಅವನು ಉಳಿಸಿದ್ದು ದುಡ್ಡಿಗಿಂತ ಹೆಚ್ಚಾಗಿ ತೊಂದರೆಯನ್ನು. ಮೇಲಾಗಿ, ಇತ್ತೀಚಿನ ಲ್ಯಾಪ್‌ಟಾಪು ಮತ್ತು ಕಾರುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಅರ್ಧ ಪ್ರತಿಗಳಾದರೂ ಮಾರಾಟವಾದವೆಂಬುದೇ ನನಗೆ ಅಚ್ಚರಿ.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅನುಮತಿಯಿಲ್ಲದೆ ಪ್ರತಿ ಮಾಡಿ ಊರಿಗೆಲ್ಲ ಹಂಚುವುದು ಉಲ್ಲಂಘನೆಯೇ. ಆದರೆ ನಿಮ್ಮ ಹಕ್ಕನ್ನು ಕೇಳುವ ಮೊದಲು ಕಲಾವಿದರ ಹಕ್ಕನ್ನು ನೋಡಿಕೊಳ್ಳಿ. ತಾಳಮದ್ದಲೆಯ ಅರ್ಥ, ಎಂದರೆ ಪದ್ಯವನ್ನು ವಿಸ್ತರಿಸಿ ಆಡುವ ಮಾತು, ಮೊದಲೇ ಬರೆದಿಟ್ಟದ್ದಲ್ಲ, ಕುಳಿತಲ್ಲಿಯೇ ಹುಟ್ಟುವಂಥದ್ದು; ಪದ್ಯ ಹಾಡುವ ಭಾಗವತರಿಗೂ ಮಾತಾಡುವ ಅರ್ಥಧಾರಿಗಳಿಗೂ ಪ್ರದರ್ಶಕರ ಹಕ್ಕಿದೆ, 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಲ್ಲಿ ಅವರು ಗೌರವಧನದ (ರಾಯಲ್ಟಿ) ಪಾಲಿಗೂ ಅರ್ಹರು. ಮುದ್ರಣಕ್ಕೆ ಮೊದಲೇ ಒಂದು ಪುಟದ ಒಪ್ಪಂದವನ್ನು ಬರೆಸಿಕೊಳ್ಳಿ. ಪ್ರಸಂಗ ಹೊಸದಾದರೆ ಕವಿಯ ಅನುಮತಿಯೂ ಬೇಕು.

ಅಂತರ್ಜಾಲಕ್ಕೆ ಏರಿಸುವುದಾದರೆ ಎಲ್ಲಿಗೆ ಎಂಬುದನ್ನು ಯೋಚಿಸಿಯೇ ಏರಿಸಿ. ಹಾಡು ಕೇಳಿಸುವ ಆ್ಯಪ್ ಆದ ಸ್ಪಾಟಿಫೈ 30 ಸೆಕೆಂಡು ಕೇಳಿದ್ದನ್ನು ಒಂದು ಆಲಿಕೆಯೆಂದು ಎಣಿಸುತ್ತದೆ. ಮೂರು ಗಂಟೆಯ ಪ್ರಸಂಗವನ್ನು ಇಡಿಯಾಗಿ ಹಾಕಿದರೆ ಮೂರು ನಿಮಿಷದ ಭಾವಗೀತೆಗೆ ಸಿಗುವ ಮನ್ನಣೆಯೇ ಅದಕ್ಕೂ ಸಿಗುತ್ತದೆ. ತುಂಡು ಮಾಡೋಣವೆಂದರೆ, 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಆಲಿಕೆ ಕಾಣದ ತುಂಡಿಗೆ ಅಲ್ಲಿ ಹಣವೇ ಇಲ್ಲ. ಯೂಟ್ಯೂಬಿನ ಲೆಕ್ಕ ನಿಮಗೆ ಅನುಕೂಲಕರ, ಏಕೆಂದರೆ ಅದು ಹೊತ್ತನ್ನು ಅಳೆಯುತ್ತದೆ. ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ಮೂರು ಗಂಟೆಯನ್ನು ಪೂರ್ತಿ ಕೇಳುವ 1,334 ಮಂದಿ ಸಿಕ್ಕರೆ ಗಂಟೆಗಳ ಷರತ್ತು ಮುಗಿಯುತ್ತದೆ. ಕುಮಟಾ, ಯಲ್ಲಾಪುರಗಳಿಂದ ಬೆಂಗಳೂರು, ಮುಂಬಯಿ ಸೇರಿದವರಲ್ಲಿ ಇಂಥ ಕೇಳುಗರು ಹೆಚ್ಚು. ಆ ಆದಾಯದಿಂದ ಮುದ್ರಣದ ಖರ್ಚು ಹುಟ್ಟೀತೆಂದು ಮಾತ್ರ ಎಣಿಸಬೇಡಿ.

ಖರ್ಚನ್ನು ಮುದ್ರಣಕ್ಕೆ ಮುಂಚೆಯೇ ಎತ್ತಬೇಕು. ಮಳೆಗಾಲದ ಕೂಟಗಳಲ್ಲಿ ಮುಂಗಡ ಹೆಸರು ಬರೆಸಿ, ಹಣ ಕೊಟ್ಟವರಿಗೆ ಪೆನ್‌ಡ್ರೈವ್‌ನಲ್ಲಿ ಒಳ್ಳೆಯ ಗುಣಮಟ್ಟದ ಧ್ವನಿಯನ್ನೂ ಪದ್ಯಗಳ ಪುಸ್ತಿಕೆಯನ್ನೂ ಕೊಡಿ. ಯೂಟ್ಯೂಬಿಗೆ ಮೂರು ತಿಂಗಳ ನಂತರ ಏರಿಸಿ. ಆಮೇಲೆ ಯಾರಾದರೂ ಹಂಚಿದರೆ ಹಂಚಲಿ, ಕಡತದ ಆರಂಭದಲ್ಲಿಯೇ ಸಂಘದ ಹೆಸರು, ಕಲಾವಿದರ ಹೆಸರು ಮತ್ತು ಕೂಟಕ್ಕೆ ಕರೆಯಬೇಕಾದ ಫೋನ್ ಸಂಖ್ಯೆಯನ್ನು ಓದಿ ಸೇರಿಸಿರಿ. ಉಳಿದಿರುವ ಹಳೆಯ ಸಿ.ಡಿ.ಗಳನ್ನು ಊರಿನ ಗ್ರಂಥಾಲಯಕ್ಕೂ ಯಕ್ಷಗಾನ ಕಲಿಸುವ ಶಾಲೆಗಳಿಗೂ ಕೊಡಬಹುದು. ಮುಂದಿನ ಜಾತ್ರೆಗೆ ಅವನ್ನು ಹೊತ್ತೊಯ್ಯುವುದು ಬೇಡ.