ಪ್ರತಿಕ್ರಿಯೆ: ‘ಐನೂರು ಸಾಕ್ಷಿಗಳು’ ಎಂಬ ವಾದಕ್ಕೆ ಏನು ಹೇಳುವುದು?

ನೀವು ಎಡವಿರುವುದು ಎಣಿಕೆಯಲ್ಲಿ. ಮರಣದಿಂದ ಎದ್ದ ಯೇಸುವನ್ನು ಐನೂರು ಜನ ಕಂಡರಲ್ಲ, ಅಷ್ಟೂ ಜನ ಸುಳ್ಳು ಹೇಳಿದರೇ ಎಂದು ಗೆಳೆಯರು ಕೇಳಿದ್ದಕ್ಕೆ ನೀವು ಐನೂರು ಸಾಕ್ಷ್ಯಗಳಿಗೆ ಉತ್ತರ ಹುಡುಕುತ್ತಿದ್ದೀರಿ. ಇರುವುದು ಒಂದೇ: ಆರಂಭಕಾಲದ ಕ್ರೈಸ್ತ ಪ್ರಚಾರಕ ಪೌಲ ಬರೆದ, ಈಗ ಬೈಬಲಿನಲ್ಲಿರುವ ಪತ್ರದ ಒಂದು ವಾಕ್ಯ.

ಮೊದಲು ಅವರ ಜೊತೆಗೇ ಕುಳಿತು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ, 3ರಿಂದ 8ನೆಯ ವಚನ ಓದಿ. ಆ ಐನೂರರಲ್ಲಿ ಒಬ್ಬರ ಹೆಸರೂ ಇಲ್ಲ, ಊರಿಲ್ಲ, ಏನು ಕಂಡರೆಂಬ ವಿವರವೂ ಇಲ್ಲ. ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ ಪೌಲ. ಗ್ರೀಸಿನಲ್ಲಿದ್ದ ಓದುಗರು ಹೆಸರಿಲ್ಲದವರನ್ನು ಯಾರೆಂದು ವಿಚಾರಿಸಬೇಕಿತ್ತು?

ಬಳಿಕ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಈ ಐನೂರು ಜನರನ್ನು ತೋರಿಸಲು ಹೇಳಿ. ಸಿಗುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಎದ್ದ ಯೇಸು ಗಲಿಲಾಯದ ಬೆಟ್ಟದಲ್ಲಿ ಶಿಷ್ಯರಿಗೆ ಕಾಣಿಸಿಕೊಳ್ಳುವ ಪ್ರಸಂಗವೇ ಅದು ಎನ್ನುವವರು ನನಗೂ ಸಿಕ್ಕಿದ್ದಾರೆ. ಅಲ್ಲಿ ಹೆಸರಿಸಿರುವುದು ಹನ್ನೊಂದು ಶಿಷ್ಯರನ್ನು ಮಾತ್ರ. ಇಷ್ಟು ದೊಡ್ಡ ಸಂಗತಿಯನ್ನು ನಾಲ್ವರೂ ಬಿಟ್ಟಿರುವುದೇ ನನ್ನ ಪಾಲಿಗೆ ಎಲ್ಲಕ್ಕಿಂತ ತೂಕದ ಅಂಶ.

ಒಂದನ್ನು ಮಾತ್ರ ಒಪ್ಪಿಕೊಳ್ಳಿ. ಯೇಸುವನ್ನು ಕಂಡವರ ಪಟ್ಟಿಯಲ್ಲಿರುವ ಶಿಷ್ಯ ಪೇತ್ರನೊಂದಿಗೆ ಹದಿನೈದು ದಿನ ತಂಗಿದ್ದೆನೆಂದು ಪೌಲನೇ ಗಲಾತ್ಯದವರಿಗೆ ಬರೆದಿದ್ದಾನೆ. ಅಂದರೆ ಕಂಡೆನೆಂದವರನ್ನು ಅವನು ನೇರವಾಗಿ ಬಲ್ಲ; ಆದ್ದರಿಂದ ಕೆಲವು ಅನುಯಾಯಿಗಳು ಯೇಸುವನ್ನು ಕಂಡೆವೆಂದು ಪ್ರಾಮಾಣಿಕವಾಗಿಯೇ ನಂಬಿದ್ದಿರಬೇಕು. ಆ ಅನುಭವ ಎಂಥದೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ನೀವೂ ಭ್ರಮೆಯೆಂದು ಪಟ್ಟು ಹಿಡಿಯಬೇಡಿ, ಸಾಬೀತುಪಡಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಕೊನೆಗೆ ಕೇಳಿ: ಬೇರೆ ಧರ್ಮದ ಪವಾಡವೊಂದಕ್ಕೆ ಇಂಥದೇ ಒಂದು ಸಾಲಿನ ಆಧಾರ ಕೊಟ್ಟರೆ ನೀವು ನಂಬುತ್ತೀರಾ? ಇದಕ್ಕೆ ಉತ್ತರ ಬರುವವರೆಗೆ ಮುಂದಿನ ವಾದಕ್ಕೆ ಹೋಗಬೇಡಿ.