ಪ್ರತಿಕ್ರಿಯೆ: ಕಡಿದಾದ ಇಳಿಜಾರಲ್ಲಿ ಸ್ಕೀ ಜಾರುವುದು ಯಾಕೆ?

ಕಾಸರಗೋಡಿನಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಕೋರ್ಸ್ ಮುಗಿಸಿದ್ದೀರಿ, ಆದರೆ ಕಡಿದಾದ ಕಡೆ ತಿರುಗುವಾಗೆಲ್ಲ ಸ್ಕೀ ಜಾರಿ ಬೀಳುತ್ತೀರಿ, ಅಲ್ವಾ? ಹೆಚ್ಚಾಗಿ ಹೆದರಿಕೆಯೇ ಕಾರಣ. ಹೆದರಿದಾಗ ಮೈ ತಾನಾಗಿ ಗುಡ್ಡದ ಕಡೆ ವಾಲುತ್ತದೆ. ಆಗ ಕೆಳಗಿನ ಸ್ಕೀ ಮೇಲೆ ಭಾರ ಕಡಿಮೆಯಾಗಿ ಅದರ ಅಂಚು ಹಿಡಿತ ಬಿಡುತ್ತದೆ. ಎದೆ ಕಣಿವೆಯ ಕಡೆಗಿರಲಿ. ಕೋಲನ್ನು ಇಳಿಜಾರಿನ ಕೆಳಬದಿಗೆ ಊರಿ, ಎರಡೂ ಸ್ಕೀ ಎತ್ತಿ, ಚಿಕ್ಕದಾಗಿ ಹಾರಿ ತಿರುಗಿ. ಕಾಲೂರಿದ ಕೂಡಲೇ ಅಂಚು ಒತ್ತಿ ನಿಲ್ಲಿ. ವೇಗ ಏರಲು ಬಿಡಬೇಡಿ. ಅದಕ್ಕೂ ಮೊದಲು ಅಡ್ಡ ನಿಂತು ಮೆಲ್ಲಗೆ ಜಾರಿ ನೋಡಿ; ಹಿಮ ಗಟ್ಟಿಯೋ ಮೆತ್ತಗೋ ಗೊತ್ತಾಗುತ್ತದೆ.

ಗುಲ್ಮಾರ್ಗ್ ಮೇಲಿನ ಅಫರ್ವತ್ ಬೆಟ್ಟದಲ್ಲಿ ಗೊಂಡೋಲಾ (ಕೇಬಲ್ ಕಾರ್) ದಾರಿ ಬಿಟ್ಟು ಆಚೆ ಒಬ್ಬರೇ ಮಾತ್ರ ಹೋಗಬೇಡಿ. ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅಂದರೆ ನೀವು ಆಸೆಪಡುವ ಜಾಗದಲ್ಲೇ. ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಗುಂಪಿನ ಎಲ್ಲರ ಹತ್ತಿರವೂ ಇರಬೇಕು, ಬಳಸಲೂ ಬರಬೇಕು. ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಹೊರಗಿನ ಸಹಾಯ ಅಷ್ಟರಲ್ಲಿ ಬರುವುದು ಕಷ್ಟ.

ನಮ್ಮೂರಲ್ಲಿ ಹಿಮವಿಲ್ಲ ಅಂತ ಸುಮ್ನೆ ಕೂರಬೇಡಿ. ರಾಣಿಪುರಂ ಬೆಟ್ಟ ಹತ್ತಿ, ನಿಧಾನವಾಗಿ ಇಳಿಯಿರಿ. ತೊಡೆಗೆ ನಿಜವಾದ ಕೆಲಸ ಸಿಗುವುದು ಇಳಿಯುವಾಗಲೇ. ಮಳೆಗಾಲವಾದರೆ ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ.