‘ಆಗಲ್ಲ ಸಾರ್’ ಅನ್ನುವ ಟೀಮು

ಅವರು ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ವಯಸ್ಸು 40ರ ಹತ್ತಿರ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಬೆಳಗಿನ 6ರ ಶಿಫ್ಟಿಗೆ ನಾಲ್ಕೂವರೆಗೆ ಏಳಬೇಕು. ಆದರೆ 2 ಗಂಟೆಗೇ ಎಚ್ಚರ. ಆಮೇಲೆ ಬರೀ ಟಾರ್ಗೆಟ್ ಲೆಕ್ಕ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ನಿದ್ದೆ ಬಿಟ್ಟು ಟೀಮಿನ ಕಡೆ ಹೊರಳಿತು.

“ಪ್ಯಾಕಿಂಗ್‌ನಲ್ಲಿ 14 ಜನ ಇದ್ದಾರೆ ಮೇಡಂ. ಏನು ಹೇಳಿದರೂ ಮೊದಲು ಬರೋ ಮಾತು ‘ಆಗಲ್ಲ ಸಾರ್’. ದಿನಾ ಬೆಳಗ್ಗೆ ಮೀಟಿಂಗ್‌ನಲ್ಲಿ ಹುರಿದುಂಬಿಸ್ತೀನಿ. ಗೋಡೆಗೆ ‘ನಮ್ಮಿಂದ ಆಗುತ್ತೆ’ ಅಂತ ಬೋರ್ಡ್ ಹಾಕಿಸಿದೀನಿ. ಎಲ್ಲರ ಬಾಯಲ್ಲೂ ಹೇಳಿಸ್ತೀನಿ. ಹೇಳ್ತಾರೆ, ಲೈನಿಗೆ ಹೋದ ಮೇಲೆ ಮತ್ತೆ ಅದೇ ರಾಗ.”

ಅವರ ಕಾಳಜಿ ನಿಜವಾದದ್ದು. ಆ 14 ಜನರಲ್ಲಿ ಯಾರಿಗೆ ಮಗುವಿನ ಫೀಸ್ ಕಟ್ಟೋದಿದೆ, ಯಾರು ಕೊರಟಗೆರೆ ಕಡೆಯಿಂದ ಬಸ್ಸು ಹಿಡಿದು ಬರ್ತಾರೆ, ಎಲ್ಲಾ ಅವರಿಗೆ ಗೊತ್ತು. ಆದರೆ ‘ಆಗಲ್ಲ’ ಅಂದಾಗ ‘ಯಾಕೆ ಆಗಲ್ಲ’ ಅಂತ ಕೇಳಿ, ಉತ್ತರ ಮುಗಿಯೋವರೆಗೂ ನಿಂತದ್ದು ಯಾವಾಗ? ಕೇಳಿದೆ. ಅವರಿಗೆ ನೆನಪಾಗಲಿಲ್ಲ.

ಹಾಗಾಗಿ ಮೊದಲ ಭೇಟಿಯಲ್ಲಿ ಕೊಟ್ಟದ್ದು ಒಂದೇ ಕೆಲಸ. ಒಂದು ವಾರ ಯಾರಿಗೂ ಭಾಷಣ ಬೇಡ. ಪ್ರತಿ ‘ಆಗಲ್ಲ’ಕ್ಕೂ ಕಾರಣ ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಲ್ಲೇ ಉತ್ತರ ಕೊಡೋಕೆ ಹೋಗಬೇಡಿ.

ಮುಂದಿನ ವಾರ ಅಂಗಿ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ಮೂಲೆಯಲ್ಲಿ ಎಣ್ಣೆ ಕಲೆ. ಒಂದು ಪುಟದಲ್ಲಿ ಹೀಗಿತ್ತು: ‘ಸೀಲಿಂಗ್ ಮಷೀನ್ ಬಿಸಿ ಆಗಕ್ಕೆ 20 ನಿಮಿಷ ಬೇಕು ಸಾರ್. ನೀವು ಟಾರ್ಗೆಟ್ 6 ಗಂಟೆಯಿಂದ ಎಣಿಸ್ತೀರಿ. ಎಲ್ಲಿಂದ ಆಗುತ್ತೆ?’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹೋದ ವರ್ಷ ಯುಗಾದಿಗೆ ಮುಂಚೇನೇ ಹೇಳಿದ್ವಿ.’ ಆ ಸಾಲಿಗೆ ಅವರೇ ಎರಡು ಗೆರೆ ಎಳೆದಿದ್ದರು.

“ಹೇಳಿದ್ದರಂತೆ ಮೇಡಂ. ನಾನು ಕಿವಿಗೇ ಹಾಕ್ಕೊಂಡಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಇಲ್ಲಿ ಒಂದು ವಿಷಯ ವಿವರಿಸಿ ಹೇಳಿದೆ. 1967ರಲ್ಲಿ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಏನು ಮಾಡಿದರೂ ನಿಲ್ಲಿಸಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು ಆಮೇಲೆ ತಪ್ಪಿಸಿಕೊಳ್ಳೋಕೆ ದಾರಿ ಇದ್ದರೂ ಸುಮ್ಮನೆ ಕೂತವು. ಅಸಹಾಯಕತೆ ಕಲಿತುಬಿಡುತ್ತವೆ ಅಂತ ಆಗ ಅಂದುಕೊಂಡರು. ಸುಮಾರು 50 ವರ್ಷ ಆದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ಕಷ್ಟ ಬಹಳ ದಿನ ಎಳೆದರೆ ಕೈಚೆಲ್ಲಿ ಕೂರೋದು ತಾನಾಗಿಯೇ ಬರುತ್ತದೆ, ಕಲಿಯಬೇಕಾದದ್ದು ‘ಇದು ನನ್ನ ಕೈಯಲ್ಲಿದೆ’ ಅನ್ನೋದನ್ನ ಅಂತ. ಅದು ಬಾಯಿಪಾಠದಿಂದ ಬರಲ್ಲ. ನಾನು ಮಾಡಿದೆ, ಅದಕ್ಕೇ ಹೀಗಾಯ್ತು ಅಂತ ಒಂದು ಸಲವಾದರೂ ಕಣ್ಣಾರೆ ಕಾಣಬೇಕು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ್ದೂ ಇದನ್ನೇ. ನನ್ನಿಂದ ಆಗುತ್ತೆ ಅನ್ನೋ ನಂಬಿಕೆಗೆ ದೊಡ್ಡ ಆಧಾರ ತಾನೇ ಮಾಡಿ ಗೆದ್ದ ಅನುಭವ. ಬೇರೆಯವರ ಹುರಿದುಂಬಿಸುವ ಮಾತಿಗೆ ಅಷ್ಟು ಬಲ ಇಲ್ಲ.

ಆಮೇಲೆ ನಾನು ಕೇಳಿದ ಪ್ರಶ್ನೆ ಅವರಿಗೆ ಇಷ್ಟ ಆಗಲಿಲ್ಲ. “ನೀವು ನಿಮ್ಮ ಮ್ಯಾನೇಜರ್‌ಗೆ ಕೊನೇ ಸಲ ‘ಇದು ಆಗಲ್ಲ’ ಅಂತ ಯಾವಾಗ ಹೇಳಿದ್ರಿ?” ಮುಖ ಕೆಂಪಾಯ್ತು. ಮೇಲಿನಿಂದ ಏನು ಬಂದರೂ ಅವರು ಹೂಂ ಅಂತಿದ್ದರು. ಹಾಗೆ ಹೂಂ ಅಂದದ್ದೆಲ್ಲ ಮರುದಿನ 14 ಜನರ ತಲೆ ಮೇಲೆ ಬೀಳುತ್ತಿತ್ತು. ರಾತ್ರಿ 2 ಗಂಟೆಗೆ ಎಚ್ಚರ ಮಾಡುತ್ತಿದ್ದದ್ದೂ ಅದೇ ಅಂತ ನನಗನಿಸಿತು. ಟೀಮಿನವರು ಬಾಯಿ ಬಿಟ್ಟು ಹೇಳ್ತಿದ್ದದ್ದನ್ನ ಇವರು ನುಂಗಿಕೊಂಡಿದ್ದರು, ಅಷ್ಟೇ.

ಕೊಟ್ಟ ಸಲಹೆ ಇದು. ‘ಆಗಲ್ಲ’ ಅಂದವರಿಗೆ ‘ಏನಿದ್ದರೆ ಆಗುತ್ತೆ?’ ಅಂತ ಕೇಳಿ. ನೋಟ್‌ಬುಕ್‌ನಲ್ಲಿ ಇರೋದರಿಂದ ಒಂದೇ ಒಂದನ್ನು ಆರಿಸಿ. ಜಾಸ್ತಿ ಖರ್ಚಿಲ್ಲದ್ದು, ಒಂದೆರಡು ವಾರದಲ್ಲಿ ಮುಗಿಯುವಂಥದ್ದು ಇರಲಿ. ಯಾವುದು ಅಂತ ಟೀಮೇ ಹೇಳಲಿ. ಗೋಡೆಯ ಬೋರ್ಡ್ ಅಳಿಸಿ, ಯಾರು ಏನು ಕೇಳಿದರು, ಏನು ಉತ್ತರ ಬಂತು ಅಂತ ಬರೆಯಿರಿ. ಉತ್ತರ ‘ಇಲ್ಲ’ ಅಂತಿದ್ದರೆ ಕಾರಣ ಸಮೇತ ‘ಇಲ್ಲ’ ಅಂತಲೇ ಬರೆಯಿರಿ. ಉತ್ತರವೇ ಬರದಿದ್ದರೆ ಜನ ಮುಂದಿನ ಸಲ ಬಾಯಿ ಬಿಡಲ್ಲ. ಮ್ಯಾನೇಜರ್ ಹತ್ತಿರ ಹೋಗುವಾಗ ಬರೀ ಗೋಳು ಹೇಳಬೇಡಿ. ‘ಇಷ್ಟು ಕೊಟ್ಟರೆ ಇಷ್ಟು ಆಗುತ್ತೆ, ಕೊಡದಿದ್ದರೆ ಇಷ್ಟೇ’ ಅಂತ ಲೆಕ್ಕ ಇಡಿ. ಎಲ್ಲರ ‘ಆಗಲ್ಲ’ದಲ್ಲೂ ನ್ಯಾಯ ಇರುತ್ತೆ ಅಂತ ನಾನು ಹೇಳಲ್ಲ. ನೋಟ್‌ಬುಕ್‌ನಲ್ಲಿ ಇಬ್ಬರದು ಮೈಗಳ್ಳತನವೇ ಅನಿಸಿತು. ಅವರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿ, ಎಲ್ಲರ ಮುಂದೆ ಬೇಡ.

ನಿದ್ದೆಗೆ ಹೇಳಿದ್ದು ಕಡಿಮೆ. ಲೆಕ್ಕವನ್ನು ಮಲಗುವ ಮುಂಚೆ ಬರೆದಿಡಿ, ಫೋನ್ ಬೇರೆ ರೂಮಿನಲ್ಲಿರಲಿ. ಎರಡು ಮೂರು ವಾರದಲ್ಲಿ ಸರಿಹೋಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ನಡುವೆ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಟೀಮ್ ಆರಿಸಿದ್ದು ಸೀಲಿಂಗ್ ಮಷೀನನ್ನೇ. ಮ್ಯಾನೇಜರ್ ಹತ್ತಿರ ಹೋಗೋಕೆ ಇವರಿಗೆ ಮೂರು ದಿನ ಬೇಕಾಯ್ತು. ಕೊನೆಗೆ ಒಪ್ಪಿಗೆ ಸಿಕ್ಕಿತು. ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಈಗ 5:40ಕ್ಕೇ ಹೀಟರ್ ಆನ್ ಮಾಡ್ತಾರೆ. ಬೆಳಗಿನ ಮೀಟಿಂಗ್‌ನಲ್ಲಿ ಇವರು, “ಇದನ್ನ ಹೋದ ವರ್ಷವೇ ಈ ಅಕ್ಕ ಹೇಳಿದ್ರು, ನಾನು ತಡವಾಗಿ ಕೇಳಿಸ್ಕೊಂಡೆ” ಅಂದರಂತೆ. ಆಕೆ ಏನೂ ಮಾತಾಡಲಿಲ್ಲವಂತೆ, ತಲೆ ಬಗ್ಗಿಸಿ ಗ್ಲೌಸ್ ಸರಿ ಮಾಡಿಕೊಂಡರಂತೆ.

ನಾಲ್ಕನೇ ಭೇಟಿ ಒಂದು ಮಂಗಳವಾರ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ವಾರದಲ್ಲಿ ಎರಡು ದಿನ ಎಚ್ಚರ ಆಗುತ್ತದೆ. ಆದರೆ ಅಂದು ಅವರು ಹೇಳಬೇಕೆಂದು ಬಂದದ್ದು ಬೇರೆ. ಅದೇ ಅಕ್ಕ ಲೈನ್ ಮಧ್ಯೆ ಕರೆದು, “ಸಾರ್, ಈ ಟೇಬಲ್ ನಾಲ್ಕು ಇಂಚು ಎತ್ತರ ಮಾಡಿಸಿದರೆ ಬೆನ್ನು ನೋಯಲ್ಲ. ಆಗುತ್ತಾ?” ಅಂತ ಕೇಳಿದ್ದರು.

“ಆಗುತ್ತೆ ಅಂತ ಬಾಯಿ ತುದೀಲಿತ್ತು ಮೇಡಂ. ಹೇಳಲಿಲ್ಲ. ವೆಲ್ಡರ್‌ನ ಕೇಳಿ ಗುರುವಾರ ಹೇಳ್ತೀನಿ ಅಂದೆ.”

ಗುರುವಾರಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದನ್ನು ನನಗೂ ತೋರಿಸಿದರು.